ಮೀಟರಿಗೆ ಹಚ್ಚಿದ ಅರಿಶಿನ

ನೀರಿನ ಕಂಪನಿಯವರ ಕಾಗದ ಒಂದು ವಾರ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ನೇತಾಡಿತು. ನಿಮ್ಮ ಮೀಟರು ಹಳೆಯದಾಗಿದೆ, ತೆಗೆದು ಹೊಸದು ಹಾಕುತ್ತೇವೆ, ಅದು ಎಲ್ಲಿದೆಯೆಂದು ಹುಡುಕಿ ಫೋಟೋ ಕಳಿಸಿ ಎಂಬುದು ಅದರ ಸಾರ. ಹುಡುಕುವ ಬಗೆಯನ್ನೂ ಚಿತ್ರ ಬರೆದು ತೋರಿಸಿದ್ದರು: ಬೇಸ್‌ಮೆಂಟಿಗೆ ಇಳಿಯಿರಿ, ರಸ್ತೆಯ ಕಡೆಯ ಗೋಡೆ ನೋಡಿ, ಪೈಪು ಒಳಗೆ ಬರುವ ಜಾಗದಲ್ಲಿ ದುಂಡಗಿನದೊಂದು ಕಾಣುತ್ತದೆ. ಇಂಥ ಕಾಗದ ಬಂದರೆ ನಾನು ಮೂರು ಸಲ ಓದಿ, ಇದೇನಾದರೂ ಮೋಸವೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಪೈಪು ಒಡೆದು ಮನೆ ಮುಳುಗುವುದನ್ನು ಕಲ್ಪಿಸಿಕೊಂಡು ಬೆವರುವ ಜಾತಿ. ಈ ಸಲ ಅದೇನೂ ಆಗಲಿಲ್ಲ. ಮೀಟರು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ತೊಂದರೆ ಅದೇ.

"ಅಮ್ಮ ಪೂಜೆ ಮಾಡ್ತಿದ್ದ ಮೀಟರ್ರು ಕಣ್ರೀ ಅದು," ಎಂದಳು ನನ್ನ ಹೆಂಡತಿ ಸುಮಾ. ಅಷ್ಟು ಹೇಳಿ ಪಾತ್ರೆ ತೊಳೆಯಲು ತಿರುಗಿದಳು.

ನೀವು ನಗುವ ಮೊದಲೇ ಹೇಳಿಬಿಡುತ್ತೇನೆ. ನಮ್ಮತ್ತೆ, ಅಂದರೆ ಸುಮಾಳ ತಾಯಿ, ಒಂಬತ್ತು ವರ್ಷ ನ್ಯೂ ಜೆರ್ಸಿಯ ಈ ಮನೆಯಲ್ಲಿ ನಮ್ಮ ಜೊತೆಗಿದ್ದರು. ಬಂದ ವರ್ಷದ ದೀಪಾವಳಿಗೆ ಅವರಿಗೆ ಹತ್ತಿದ ಚಿಂತೆ ನೀರು ತುಂಬುವ ಹಬ್ಬದ್ದು. ಮೈಸೂರಿನಲ್ಲಾದರೆ ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಗಂಗೆಗೆ ಪೂಜೆ ಮಾಡುತ್ತಿದ್ದರು. ಇಲ್ಲಿ ಹಂಡೆಯೂ ಇಲ್ಲ, ತುಂಬುವುದೂ ಇಲ್ಲ. ಎರಡು ದಿನ ಶವರನ್ನು ಕತ್ತೆತ್ತಿ ನೋಡಿದರು. ಎಲ್ಲಿಗೆ ಕುಂಕುಮ ಇಡುವುದೆಂದು ಗೊತ್ತಾಗಲಿಲ್ಲವಂತೆ. ಕೊನೆಗೆ ನನ್ನನ್ನು ಕೇಳಿದರು.

"ಅಳಿಯಂದ್ರೆ, ಈ ಮನೆಯೊಳಕ್ಕೆ ಗಂಗಮ್ಮ ಎಲ್ಲಿಂದ ಕಾಲಿಡ್ತಾಳೆ?"

ಎಂಜಿನಿಯರ್ ಎನ್ನುವ ಹೆಸರಿಗಾದರೂ ನನಗೆ ಉತ್ತರ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಟಾರ್ಚು ಹಿಡಿದು ಇಬ್ಬರೂ ಕೆಳಗಿಳಿದೆವು. ನಾನು ಮೊದಲು ಮನೆ ಬೆಚ್ಚಗಿಡುವ ಫರ್ನೇಸು ತೋರಿಸಿದೆ, ಆಮೇಲೆ ಬಹಳ ಭರವಸೆಯಿಂದ ಗ್ಯಾಸ್ ಮೀಟರು ತೋರಿಸಿದೆ. ಅತ್ತೆ ಎರಡನ್ನೂ ಒಪ್ಪಲಿಲ್ಲ. ಮೇಲೆ ನಲ್ಲಿ ಬಿಡುವಂತೆ ಮಗಳಿಗೆ ಕೂಗಿ ಹೇಳಿ, ಗೋಡೆಗೆ ಕಿವಿಯಿಟ್ಟು, ಸದ್ದಿನ ಜಾಡು ಹಿಡಿದು ಸೂಟ್‌ಕೇಸುಗಳ ರಾಶಿಯ ಹಿಂದೆ ಹೋಗಿ ನಿಂತರು. ಅಲ್ಲಿತ್ತು. ಗಾಜಿನ ಕೆಳಗೆ ಪುಟ್ಟದೊಂದು ಕೆಂಪು ತ್ರಿಕೋನ ಗಿರಗಿರ ತಿರುಗುತ್ತಿತ್ತು.

"ನೋಡಿ, ಬರ್ತಾ ಇದಾಳೆ," ಎಂದರು.

ಅಂದಿನಿಂದ ಪ್ರತಿ ವರ್ಷ ಮೀಟರಿಗೆ ಅರಿಶಿನ, ಕುಂಕುಮ, ಒಂದು ಆರತಿ. ಹಾಗಲಬಳ್ಳಿ ಸಿಗದೆ ಇಂಡಿಯನ್ ಅಂಗಡಿಯ ಹಾಗಲಕಾಯಿಗಳನ್ನೇ ದಾರದಲ್ಲಿ ಪೋಣಿಸಿ ಹಾರ ಹಾಕುತ್ತಿದ್ದರು. ಮಾರನೆಯ ದಿನ ಅದೇ ಹಾರದಿಂದ ಗೊಜ್ಜು. ನಾನು ಗೊಜ್ಜು ತಿನ್ನುತ್ತಲೇ ಕಂಪನಿಯ ಮನುಷ್ಯ ಬಂದು ಈ ಅರಿಶಿನ ನೋಡಿದರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದೆ. ಮೀಟರು ಕೆಡಿಸಿದ್ದಾರೆ ಎಂದು ಬರೆದುಕೊಂಡರೆ? ಹಾಗಾಗಿ ಹಬ್ಬ ಮುಗಿದ ಮೇಲೆ ಯಾರಿಗೂ ತಿಳಿಯದಂತೆ ಕೆಳಗಿಳಿದು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದೆ. ಕಳ್ಳತನ ಎಂದರೂ ಸರಿಯೇ. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದೆ. ಒಂದು ವರ್ಷ ಅತ್ತೆ ಅನ್ನ ಬಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಒರೆಸೋವಾಗ ಪೈಪಿನ ಹಿಂದಕ್ಕೆ ಕೈ ಹಾಕ್ಬೇಡಿ ಅಳಿಯಂದ್ರೆ. ಅಲ್ಲಿ ತಗಡು ಚೂಪಾಗಿದೆ, ಕೈ ಕುಯ್ಯತ್ತೆ."

ನಾನು ಸಾರಿನೊಳಗೆ ಮುಳುಗಿದವನು ತಲೆಯೆತ್ತಲಿಲ್ಲ. ಪೈಪಿನ ಹಿಂದಕ್ಕೆ ಕೈಯನ್ನೂ ಹಾಕಲಿಲ್ಲ. ಕೈ ಕುಯ್ಯುತ್ತದೆ ಎಂದರೆ ನಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಅವರು ತೀರಿಹೋಗಿ ಎರಡು ದೀಪಾವಳಿಯಾಯಿತು. ಎರಡು ಸಲವೂ ಸುಮಾ ಮೇಲೆ ದೀಪ ಹಚ್ಚಿದಳು, ಕೆಳಗೆ ಯಾರೂ ಇಳಿಯಲಿಲ್ಲ. ಮೊನ್ನೆ ಫೋಟೋ ತೆಗೆಯಲೆಂದು ಇಳಿದೆ. ಮುಂದಿದ್ದ ಸೂಟ್‌ಕೇಸು ಅವರದೇ, ಹಿಡಿಕೆಗೆ ಗುರುತಿಗೆಂದು ಕಟ್ಟಿದ್ದ ಹಸಿರು ರವಿಕೆ ಬಟ್ಟೆ ಹಾಗೇ ಇತ್ತು. ಅದನ್ನು ಸರಿಸಿ, ಫೋನಿನ ಬೆಳಕು ಬಿಟ್ಟು, ಮೀಟರಿನ ಗಾಜು, ಅಂಚು, ತಿರುಪು ಎಲ್ಲ ನೋಡಿದೆ. ಅವರು ಇಟ್ಟ ಕುಂಕುಮದ ಒಂದು ಕಣವಾದರೂ ಉಳಿದಿರಲಿ ಎಂದು ಉಗುರಿನಿಂದ ಕೆರೆದೂ ನೋಡಿದೆ. ಏನೂ ಇಲ್ಲ. ಜೀವನದಲ್ಲಿ ಹಿಡಿದ ಕೆಲಸವನ್ನೆಲ್ಲ ಅರ್ಧಕ್ಕೆ ಬಿಟ್ಟವನು ಇದೊಂದನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದ್ದೆ. ಫೋಟೋ ಕಳಿಸಿ ಮೇಲೆ ಬಂದೆ.

ಇವತ್ತು ಬೆಳಿಗ್ಗೆ ಕಂಪನಿಯ ಮನುಷ್ಯ ಬಂದ. ಸೌಮ್ಯ ಸ್ವಭಾವದವನು. ನಾನು ಎರಡು ಸಲ ಕಾಫಿ ಬೇಕೇ ಎಂದು ಕೇಳಿ ಅವನನ್ನು ಮುಜುಗರಪಡಿಸಿದೆ. ಅವನು ನೀರು ನಿಲ್ಲಿಸಿ, ತಿರುಪು ಸಡಿಲಿಸಿ, ಮೀಟರನ್ನು ಕಳಚಿ ತನ್ನ ಬಕೆಟ್ಟಿಗೆ ಹಾಕಿಕೊಂಡ. ಅದು ಮರೆಮಾಡಿದ್ದ ಪೈಪು ಆಗ ಹೊರಗೆ ಕಂಡಿತು. ಅದರ ಹಿಂಬದಿಯಲ್ಲಿ ಅರಿಶಿನ. ಪದರದ ಮೇಲೆ ಪದರ, ಗಟ್ಟಿಕಟ್ಟಿದ ಒಂಬತ್ತು ವರ್ಷದ ಅರಿಶಿನ, ನಡುವೆ ಕುಂಕುಮದ ಬೊಟ್ಟು.

ಅತ್ತೆ ಹೇಳಿದ್ದ ತಗಡಿಗಾಗಿ ಅಕ್ಕಪಕ್ಕ ತಡಕಿದೆ. ಚೂಪಾದದ್ದು ಏನೂ ಇರಲಿಲ್ಲ.

ಏನೋ ತುಕ್ಕು ಹಿಡಿದ ಹಾಗಿದೆ, ಉಜ್ಜಿಬಿಡುತ್ತೇನೆ ಎಂದು ಅವನು ತಂತಿಯ ಬ್ರಷ್ಷು ತೆಗೆದ. ಯೂನಿಫಾರ್ಮು ಹಾಕಿದವರಿಗೆ ಇಲ್ಲವೆಂದು ಹೇಳಿ ಗೊತ್ತಿಲ್ಲದ ನಾನು, ಬೇಡ, ಅದು ಹಾಗೇ ಇರಲಿ, ನಮ್ಮತ್ತೆ ಮಾಡಿದ್ದು ಎಂದೆ. ಅವನು ಪೈಪನ್ನು ಗೌರವದಿಂದ ನೋಡಿ, ಅವರು ಪ್ಲಂಬರೇ ಎಂದು ಕೇಳಿದ. ಹೆಚ್ಚುಕಡಿಮೆ ಹೌದು ಎಂದೆ.

ಹೊಸ ಮೀಟರಿನಲ್ಲಿ ಕೆಂಪು ತ್ರಿಕೋನವಿಲ್ಲ, ಬರೀ ಅಂಕಿಗಳು. ಅವನು ಹೋದ ಮೇಲೆ ನಾನು ಅಲ್ಲೇ ನಿಂತಿದ್ದೆ. ಮೇಲೆ ಸುಮಾ ನಲ್ಲಿ ತಿರುಗಿಸಿದಳು. ಗೋಡೆಗೆ ಕಿವಿಯಿಟ್ಟೆ.

"ಏನ್ರೀ, ಬಂತಾ ನೀರು?" ಎಂದು ಕೂಗಿದಳು.

"ಬರ್ತಾ ಇದಾಳೆ," ಎಂದೆ.

ಆಮೇಲೆ ಸುಮಾ ಮೆಟ್ಟಿಲಿಳಿದು ಬರುವುದು ಕೇಳಿಸಿತು.