ಮಡಕಶಿರಾದಲ್ಲಿ ನಿಂತುಹೋದ ಫೈನಲ್

ರಾಯದುರ್ಗದಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ಟಿದೆ. ಮಾರ್ಚ್ ತಿಂಗಳು ಬಂತೆಂದರೆ ಬೆಳಗಿನ ಹೊತ್ತು ಒಂದು ಕಣ್ಣು ಮಷೀನುಗಳ ಮೇಲಿಟ್ಟು, ಇನ್ನೊಂದು ಕಣ್ಣಿನಲ್ಲಿ ಅಮೆರಿಕದ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟನ್ನು ಫೋನಿನಲ್ಲಿ ನೋಡುತ್ತೇನೆ. ಆ ಹುಡುಗಿಯರ ಆಟಕ್ಕೆ ಕೈ ಮುಗಿಯಬೇಕು. ಅದನ್ನು ತೋರಿಸುವವರಿಗೆ ಮಾತ್ರ ಬುದ್ಧಿ ಹೇಳುವವರು ಯಾರೂ ಇಲ್ಲ. ಚೆಂಡು ಗಾಳಿಯಲ್ಲಿರುವಾಗಲೇ ಕ್ಯಾಮೆರಾ ಹೋಗಿ ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂತ ಯಾವನೋ ಹಾಡುಗಾರನ ಮುಖದ ಮೇಲೆ ನಿಲ್ಲುತ್ತದೆ. ಅವನು ಜೋಳದ ಅರಳು ತಿನ್ನುತ್ತಿರುತ್ತಾನೆ. ಅವನು ತಿಂದು ಮುಗಿಸುವಷ್ಟರಲ್ಲಿ ಇತ್ತ ಚೆಂಡು ಬ್ಯಾಸ್ಕೆಟ್ಟಿಗೆ ಬಿದ್ದಿರುತ್ತದೆ. ಇದೆಲ್ಲ ಉಂಡು ಹೆಚ್ಚಾದವರ ದೇಶದ ರೋಗ, ನಮ್ಮ ಕಡೆ ಇಲ್ಲ ಎಂದು ನಾನು ನಂಬಿದ್ದೆ. ಮಡಕಶಿರಾಕ್ಕೆ ಹೋಗಿಬಂದ ಮೇಲೆ ಆ ನಂಬಿಕೆ ಬಿಟ್ಟೆ.

ಕಾಲೇಜಿನಲ್ಲಿ ನಾನೂ ಆಡಿದವಳು. ಆಗ ನನ್ನ ಜೊತೆ ಆಡುತ್ತಿದ್ದ ಗೆಳತಿ ಈಗ ಮಡಕಶಿರಾದ ಒಂದು ಕಾಲೇಜಿನಲ್ಲಿ ಆಟೋಟ ಕಲಿಸುವ ಪಿಡಿ ಮೇಡಂ. ಹೋದ ವರ್ಷ ಅವಳು ಹೆಣ್ಣುಮಕ್ಕಳಿಗೆಂದೇ ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟು ಇಟ್ಟುಕೊಂಡು ನನ್ನನ್ನು ಕರೆದಳು. ನಮ್ಮೂರಿನ ಹುಡುಗಿಯರ ತಂಡವೂ ಹೊರಟಿತ್ತು. ಅದರ ಕ್ಯಾಪ್ಟನ್ ಕಣೇಕಲ್ಲಿನ ಹುಡುಗಿ. ಅವಳ ತಾಯಿ ನನ್ನ ಯೂನಿಟ್ಟಿನಲ್ಲೇ ಹೊಲಿಯುವವಳು. ಆಕೆಗೆ ಬಿಡುವಾಗದೆ, ಮಗಳ ಆಟವನ್ನು ನನ್ನ ಕಣ್ಣಿನಲ್ಲೇ ನೋಡಿಕೊಂಡು ಬರಲು ಹೇಳಿದಳು. ಕಲ್ಯಾಣದುರ್ಗದಲ್ಲೊಂದು, ಪಾವಗಡದಲ್ಲೊಂದು ಬಸ್ಸು ಬದಲಿಸಿ ಹುಡುಗಿಯರ ಜೊತೆ ಹೋಗಿ ಇಳಿದೆ.

ಇಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಫ್ಲೆಕ್ಸು. ಆಳೆತ್ತರದ ಫ್ಲೆಕ್ಸಿನಲ್ಲಿ ತೆಲುಗು ಧಾರಾವಾಹಿಯೊಂದರ ನಟ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ಅವನ ಮೊಣಕಾಲ ಹತ್ತಿರ ಒಂದು ಚೆಂಡಿನ ಚಿತ್ರ. ಆಡುವ ಹುಡುಗಿಯರ ಒಂದು ಫೋಟೋ ಕೂಡ ಇರಲಿಲ್ಲ. ಊಟ, ಶಾಮಿಯಾನದ ಖರ್ಚು ಹಾಕಿಕೊಂಡಿದ್ದ ಕಲ್ಯಾಣಮಂಟಪದ ಮಾಲೀಕರು ಆತನನ್ನು ಮುಖ್ಯ ಅತಿಥಿಯಾಗಿ ಕರೆಸುತ್ತಿದ್ದಾರೆಂದೂ, ಇಲ್ಲದಿದ್ದರೆ ಜನ ಬರುವುದಿಲ್ಲ ಎಂದು ಹಟ ಹಿಡಿದರೆಂದೂ ಗೆಳತಿ ಹೇಳಿದಳು. ಜನ ಬಂದು ಏನು ಮಾಡಬೇಕಾಗಿದೆ ಎಂದು ನಾನು ಕೇಳಿದ್ದಕ್ಕೆ ಅವಳು ಸೀಟಿಯ ದಾರ ಕೊರಳಿಗೆ ಹಾಕಿಕೊಂಡು ಕೋರ್ಟಿನ ಕಡೆ ಹೊರಟಳು.

ಮೊದಲ ದಿನ ಆಟ ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಯಾರೂ ಬಂದಿರಲಿಲ್ಲ. ಎರಡನೆಯ ದಿನ ಸಂಜೆ ಫೈನಲ್. ನಮ್ಮವರಿಗೂ ಮಡಕಶಿರಾದವರಿಗೂ. ಅಷ್ಟು ಹೊತ್ತಿಗೆ ಮೈದಾನ ತುಂಬಿತ್ತು. ಬೆನ್ನ ಮೇಲೆ ಅಮೆರಿಕದ ಆಟಗಾರರ ನಂಬರು ಹೊತ್ತ ಬನಿಯನ್ನು ತೊಟ್ಟ ಹುಡುಗರು ಬಂದಿದ್ದರು. ಅಂಥವನೊಬ್ಬನನ್ನು ಈ ನಂಬರು ಯಾರದಪ್ಪಾ ಎಂದು ಕೇಳಿದೆ. ಅದು ಸೈಜು ಇರಬೇಕು ಆಂಟಿ ಎಂದ. ಎಲ್ಲರ ಮುಖವೂ ಗೇಟಿನ ಕಡೆಗೇ ಇತ್ತು. ನಮ್ಮ ಕ್ಯಾಪ್ಟನ್ ಇಬ್ಬರನ್ನು ದಾಟಿ, ಮೂರನೆಯವಳ ಕೈಕೆಳಗಿನಿಂದ ಚೆಂಡು ಎತ್ತಿ ಹಾಕಿದಾಗ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ಪಕ್ಕದ ಹೆಂಗಸು ನನಗೇನಾಯಿತೋ ಎನ್ನುವಂತೆ ತಿರುಗಿ ನೋಡಿದಳು.

ಮೂರು ಕ್ವಾರ್ಟರ್ ಮುಗಿದಾಗ ನಮ್ಮವರು ಎರಡು ಪಾಯಿಂಟು ಹಿಂದಿದ್ದರು. ಕೊನೆಯ ಕ್ವಾರ್ಟರ್ ಶುರುವಾದ ಸ್ವಲ್ಪ ಹೊತ್ತಿಗೇ ಗೇಟಿನಲ್ಲಿ ಕಾರುಗಳ ಹಾರ್ನು ಕೇಳಿಸಿತು. ಮಾಲೀಕರು ಓಡುತ್ತ ಬಂದು ಕೋರ್ಟಿನ ಅಂಚಿನಲ್ಲಿ ನಿಂತು ಕೈ ಅಡ್ಡ ಹಿಡಿದರು. ಸೀಟಿ ಹಿಡಿದು ಆಟ ನಡೆಸುತ್ತಿದ್ದವಳು ನನ್ನ ಗೆಳತಿಯೇ.

"ನಿಲ್ಸಾಕಾಗಲ್ಲ ಸಾರ್. ಆಟ ಮುಗೀಲಿ, ಅವ್ರನ್ನ ಕೂರ್ಸಿ" ಅಂದಳು.

"ಒಕ್ಕ ಐದು ನಿಮಿಷಾಲು ಮೇಡಂ. ಆಯನಿಗೆ ಟೈಮಿಲ್ಲ" ಎಂದರು ಅವರು, ಅರ್ಧ ತೆಲುಗಿನಲ್ಲಿ.

ಅವಳು ಒಪ್ಪಲಿಲ್ಲ. ಆದರೆ ಒಪ್ಪಿಗೆ ಕೇಳುವವರು ಯಾರಿದ್ದರು? ಜನ ಗೆರೆ ದಾಟಿ ಕೋರ್ಟಿನೊಳಗೆ ನುಗ್ಗಿದರು. ಯಾರಿಗಾದರೂ ಪೆಟ್ಟಾದೀತೆಂದು ಅವಳು ಸೀಟಿ ಊದಲೇಬೇಕಾಯಿತು. ಬೆವರು ಸುರಿಸುತ್ತಿದ್ದ ಹತ್ತು ಹುಡುಗಿಯರು ಕಂಬದ ಬುಡಕ್ಕೆ ಸರಿದು ನಿಂತರು. ನಟನಿಗೆ ಹಾರ, ಶಾಲು, ಪೇಟ ಎಲ್ಲ ಆಯಿತು. ಆಮೇಲೆ ಅವನ ಕೈಗೆ ಚೆಂಡು ಕೊಟ್ಟರು. ಅವನು ಹಾಕಿದ, ತಪ್ಪಿತು. ಇನ್ನೊಮ್ಮೆ ಹಾಕಿದ, ಬಲೆಗೂ ತಾಗಲಿಲ್ಲ. ಜನ ಮಾತ್ರ ಪ್ರತಿ ಸಲವೂ ಶಿಳ್ಳೆ ಹೊಡೆದರು. ಕೊನೆಗೆ ಅವನನ್ನು ರಿಂಗಿನ ಕೆಳಗೇ ಕರೆದುಕೊಂಡು ಹೋಗಿ, ಇಬ್ಬರು ಸೊಂಟ ಹಿಡಿದೆತ್ತಿ, ಚೆಂಡನ್ನು ಒಳಗೆ ಬಿಡಿಸಿದರು. ನೀರಿನ ತೊಟ್ಟಿಗೆ ಕೊಡ ಇಳಿಸಿದ ಹಾಗೆ. ಆಗ ಎದ್ದ ಗದ್ದಲ ಪಾವಗಡಕ್ಕೂ ಕೇಳಿಸಿರಬೇಕು. ಆಮೇಲೆ ಡಿಜೆ, ಕುಣಿತ, ಸೆಲ್ಫಿ.

ಐದು ನಿಮಿಷ ಮುಗಿಯುವ ಹೊತ್ತಿಗೆ ಹೊತ್ತು ಮುಳುಗಿತ್ತು. ಲೈಟುಗಳೆಲ್ಲ ವೇದಿಕೆಯ ಕಡೆ ಮುಖ ಮಾಡಿದ್ದವು. ಕೋರ್ಟಿನಲ್ಲಿ ಕತ್ತಲೆ. ಮಾಲೀಕರು ಮೈಕು ಹಿಡಿದು, ಎರಡೂ ತಂಡಗಳು ಗೆದ್ದಿವೆ ಎಂದು ಘೋಷಿಸಿದರು. ಕಪ್ಪನ್ನು ಎರಡೂ ಕಡೆಯ ಕ್ಯಾಪ್ಟನ್ನುಗಳ ಕೈಗೆ ಒಟ್ಟಿಗೆ ಕೊಟ್ಟು ನಡುವೆ ನಟ ನಿಂತ. ಫೋಟೋದವನು ಹುಡುಗಿಯರಿಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದ.

ಜನ ಕರಗಿದ ಮೇಲೆ ಗೆಳತಿ ಮೆಟ್ಟಿಲ ಮೇಲೆ ಕೂತಿದ್ದಳು. ನಾನೂ ಹೋಗಿ ಅವಳ ಪಕ್ಕ ಕೂತೆ. ಅಷ್ಟರಲ್ಲಿ ನಮ್ಮ ಕ್ಯಾಪ್ಟನ್ ಬಂದಳು.

"ಮ್ಯಾಡಂ, ಕಡೀ ಕ್ವಾರ್ಟರ್ ಆಡೂದು ಉಳದೈತಲ್ರಿ. ನಾವೂ ಗೆದ್ದಿಲ್ಲ, ಅವರೂ ಗೆದ್ದಿಲ್ಲ."

ಅವಳ ಹಿಂದೆಯೇ ಮಡಕಶಿರಾದ ಕ್ಯಾಪ್ಟನ್. "ಬೆಳಿಗ್ಗೆ ಆಡಾಣ ಮೇಡಂ. ಕೋರ್ಟೇನು ಎಲ್ಲೂ ಓಗಲ್ಲ."

ಗೆಳತಿ ಇಬ್ಬರನ್ನೂ ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೆಳಕು ಹರಿಯುತ್ತಲೇ ಬನ್ನಿ ಎಂದಳು. ನಮ್ಮ ತಂಡದ ಜೊತೆ ಬಂದಿದ್ದ ಮೇಷ್ಟ್ರು ಮಾತ್ರ ಮೊದಲ ಬಸ್ಸಿಗೇ ಹೊರಡಬೇಕೆಂದು ಗೊಣಗಿದರು. ಇಬ್ಬರೂ ಗೆದ್ದ ಮೇಲೆ ಇನ್ನೇನು ಆಡುವುದು ಎಂಬುದು ಅವರ ವಾದ. "ಮುಂದಿನ ಬಸ್ಸಿಗೆ ಹೋಗೂಣ್ರಿ ಸರ. ನಿಮ್ಮನ್ನೇನು ಆಡ್ರಿ ಅಂದಿಲ್ಲ" ಎಂದೆ. ಅವರು ಮುಂದಿನ ಬಸ್ಸಿನ ಹೊತ್ತು ವಿಚಾರಿಸಲು ಎದ್ದರು.

ಬೆಳಿಗ್ಗೆ ಹೋದಾಗ ಕೋರ್ಟಿನ ತುಂಬ ಬಣ್ಣದ ಕಾಗದದ ಚೂರು, ನೀರಿನ ಪಾಕೀಟು, ತುಳಿದ ಹೂವು. ಹುಡುಗಿಯರೇ ಗುಡಿಸಿದರು. ನೋಡುವವರೆಂದರೆ ನಾನು, ವಾಚ್‌ಮನ್, ಶಾಮಿಯಾನ ಬಿಚ್ಚುತ್ತಿದ್ದ ಕೂಲಿಯವರು. ಗೆಳತಿ ಹಿಂದಿನ ದಿನದ ಸ್ಕೋರು ಕೂಗಿ ಹೇಳಿ ಆಟ ಶುರು ಮಾಡಿದಳು.

ಅಂಥ ಆಟ ನಾನು ಫೋನಿನಲ್ಲೂ ನೋಡಿಲ್ಲ. ಗದ್ದಲವಿಲ್ಲ, ಹಾಡಿಲ್ಲ. ಚೆಂಡು ನೆಲಕ್ಕೆ ಬೀಳುವ ಸದ್ದು, ಬೂಟಿನ ಸದ್ದು, ಒಬ್ಬರನ್ನೊಬ್ಬರು ಕರೆಯುವ ದನಿ ಮಾತ್ರ. ಶಾಮಿಯಾನದವರು ಹಗ್ಗ ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. ನಮ್ಮವರು ಸಮ ಮಾಡಿದರು, ಮುಂದೆ ಹೋದರು, ಮತ್ತೆ ಹಿಂದೆ ಬಿದ್ದರು. ಕೊನೆಯಲ್ಲಿ ನಮ್ಮ ಕ್ಯಾಪ್ಟನ್ ಹಾಕಿದ ಚೆಂಡು ರಿಂಗಿನ ಮೇಲೆ ಸುತ್ತು ಹೊಡೆದು ಹೊರಗೆ ಬಿತ್ತು. ಗೆಳತಿ ಸೀಟಿ ಊದಿದಳು. ಒಂದೇ ಒಂದು ಪಾಯಿಂಟಿನಲ್ಲಿ ಸೋತಿದ್ದೆವು.

ಕ್ಯಾಪ್ಟನ್ ಸ್ವಲ್ಪ ಹೊತ್ತು ಮಂಡಿ ಹಿಡಿದು ಬಗ್ಗಿ ನಿಂತಳು. ಆಮೇಲೆ ಚೀಲದಿಂದ ಕಪ್ಪು ತೆಗೆದು ಆ ಕಡೆಯ ಕ್ಯಾಪ್ಟನ್ ಕೈಗೆ ಕೊಟ್ಟಳು. ಮೊದಲ ಆರು ತಿಂಗಳು ಅದು ನಮ್ಮಲ್ಲಿರಬೇಕೆಂದು ಮಾಲೀಕರು ಅಪ್ಪಣೆ ಮಾಡಿದ್ದರು. ಅದನ್ನು ಯಾರೂ ನೆನಪಿಸಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಒಂದಿಷ್ಟು ಅತ್ತಳು. ನಾನೂ ಬೇರೆ ಕಡೆ ನೋಡುತ್ತ ಕಣ್ಣೊರೆಸಿಕೊಂಡೆ.

ಮರುದಿನ ಯೂನಿಟ್ಟಿಗೆ ಅವಳ ತಾಯಿ ಪೇಪರು ಹಿಡಿದೇ ಬಂದಳು. ಅದರಲ್ಲಿ ನಟನ ಫೋಟೋ ಇತ್ತು, ಅವನ ಭುಜದ ಹಿಂದೆ ಮಗಳ ಅರ್ಧ ಮುಖ. ಎರಡೂ ತಂಡ ಗೆದ್ದವೆಂದು ಬರೆದಿದ್ದರು. ನಾನು ಬೆಳಗಿನ ಆಟವನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. ಮಗಳು ಎಷ್ಟು ಚೆನ್ನಾಗಿ ಆಡಿದಳು, ಹೇಗೆ ಸೋತಳು, ಕಪ್ಪನ್ನು ಹೇಗೆ ಕೊಟ್ಟಳು, ಎಲ್ಲ. ಆಕೆ ಗಮನವಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ, ದನಿ ತಗ್ಗಿಸಿ, "ಆತ ಟೀವಿಯೊಳಗ ಇದ್ದಂಗ ಬೆಳ್ಳಗ ಅದಾನೇನ್ರಿ?" ಎಂದಳು.

"ಗಿಡ್ಡ ಅದಾನ" ಎಂದೆ.

ಮಗಳು ಸೋತಳೆಂದಾಗ ಬಾಡದಿದ್ದ ಆಕೆಯ ಮುಖ ಆಗ ಬಾಡಿತು.