ಕಾಕಾನ ಕಾಲು ಆರಾಮ ಅದ

ಡಾಕ್ಟರು ನಮ್ಮ ಕಾಕಾನ ನೋಯೋ ಎಡ ಮೊಣಕಾಲು ಬಿಟ್ಟು, ಛಲೋ ಇದ್ದ ಬಲ ಮೊಣಕಾಲು ಕೊಯ್ದಿದ್ದರು. ಈಗ ಎರಡೂ ಕುಂಟು. ಪರಿಹಾರಕ್ಕಂತ ಗ್ರಾಹಕರ ಕೋರ್ಟಿಗೆ ಕೇಸು ಹಾಕಿದ್ದೆವು. ನಮ್ಮೂರು ಕರಜಗಿಯಿಂದ ವಿಚಾರಣೆಗೆ ಬರುವಾಗ ಬಸ್ಸಿನೊಳಗೆ ನಾನೇ ಜಡ್ಜ್ ಆಗಿ, ಹ್ಯಾಂಗ ನರಳಬೇಕಂತ ಕಾಕಾನಿಗೆ ಕಲಿಸಿದ್ದೆ. ಅಂವ ನರಳಿದ್ದು ಕೇಳಿ ಕಂಡಕ್ಟರ್ ತನ್ನ ಸೀಟೇ ಬಿಟ್ಟುಕೊಟ್ಟಿದ್ದ.

ಕೋರ್ಟಿನೊಳಗೆ ಡಾಕ್ಟರನ್ನು ಕಂಡಕೂಡಲೇ ಕಾಕಾ ಗೋಡೆ ಹಿಡಿದು ಎದ್ದು, ಜಡ್ಜ್ ಮುಂದೇ ಅವರಿಗೆ ಕೈ ಮುಗಿದ.

"ಹ್ಯಾಂಗದ್ರಿ ಕಾಲು?" ಅಂದರು ಡಾಕ್ಟರು.

"ನಿಮ್ಮ ಆಶೀರ್ವಾದ ಸಾಹೇಬ್ರ. ಆರಾಮ ಅದರಿ."

"ಇದನ್ನ ಬರಕೋರಿ" ಅಂದ ಡಾಕ್ಟರ ವಕೀಲ. ನಮ್ಮ ವಕೀಲರು ತಲೆ ಹಿಡಕೊಂಡರು.

ಹೊರಗೆ ಬಂದು ಕೇಳಿದೆ, "ಕಾಕಾ, ಹಂಗ್ಯಾಕ ಅಂದಿ?"

"ದೊಡ್ಡವ್ರು ಕೇಳಿದ್ರ ಮತ್ತೇನನ್ನಬೇಕಲೇ?" ನನ್ನ ಹೆಗಲ ಮೇಲೆ ಪೂರ್ತಿ ಭಾರ ಹಾಕಿ ಕುಂಟುತ್ತ ಅಂದ, "ಪಾಪ, ಕೇಸಿನ ಚಿಂತಿಗೆ ಡಾಕ್ಟರು ಭಾಳ ಸೊರಗ್ಯಾರ."

ಈಗ ನೀವೇ ಹೇಳ್ರಿ, ನಾ ಯಾರ ಮೇಲೆ ಕೇಸು ಹಾಕಲಿ?