‘ಮಾಮೂಲಿ’ ಎಂದರೆ ಯಾರ ಮಾಮೂಲಿ?

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಚಿಪ್ ತಯಾರಿಸುವ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಒಂದೇ ದೀಪ. ಮೇಜಿನ ಮೇಲೆ ಅಂಗೈಯಗಲದ ಡಬ್ಬಿಯೊಂದು ಮುಚ್ಚಳ ಬಿಚ್ಚಿಕೊಂಡು ಕೂತಿದೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡ ಹೆಂಗಸು ಅದರ ಗುಂಡಿ ಒತ್ತುತ್ತಾರೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಡಬ್ಬಿ ‘ಸುರ್ರ್’ ಎನ್ನುತ್ತದೆ. ಪಕ್ಕದ ಸ್ಟೂಲಿನಲ್ಲಿ ಕೂತ ಗಂಡ ಹಣೆ ಚಚ್ಚಿಕೊಳ್ಳುತ್ತಾರೆ.

“ಸ್ವಲ್ಪ ತಡ್ಕೊಳ್ರೀ, ನಿಮ್ಮ ದನಿ ಎಲ್ಲೂ ಓಡಿಹೋಗಿಲ್ಲ,” ಎಂದು ಆಕೆ ಗದರುತ್ತಾರೆ.

ಗಂಟಲಿನ ಆಪರೇಷನ್ನಿಗೆ ಹೋಗುವ ಮುಂಚೆ ಗಂಡ ತಮ್ಮ ದಿನಬಳಕೆಯ ಮಾತುಗಳನ್ನೆಲ್ಲ ಈ ಡಬ್ಬಿಗೆ ಹೇಳಿಟ್ಟಿದ್ದರು. ಅಂದಿನಿಂದ ಅವರ ಸಂಸಾರ ನಡೆದದ್ದೇ ಇದರ ಗುಂಡಿಗಳ ಮೇಲೆ. ಮೊನ್ನೆ ಅದು ಕೆಟ್ಟಿತು. ರಿಪೇರಿಯವನು ಮಾತುಗಳಿರುವ ಫ್ಲ್ಯಾಶ್ ಮೆಮೊರಿಯನ್ನು ಹಾಗೇ ಬಿಟ್ಟು, ಅದನ್ನು ಓದುವ ಕಂಟ್ರೋಲರ್ ಚಿಪ್ ಮಾತ್ರ ಹೊಸದು ಕೂರಿಸಿದ. ಮಾತಿನ ಬದಲು ಸುರ್ರ್ ಬಂತು. “ರೆಕಾರ್ಡಿಂಗ್ ಹಾಳಾಗಿದೆ, ಹೊಸದಾಗಿ ಹೇಳ್ಸಿಬಿಡಿ” ಅಂದುಬಿಟ್ಟ ಪುಣ್ಯಾತ್ಮ. ಹೇಳಿಸೋಣ ಅಂದರೆ ಗಂಟಲಲ್ಲಿ ದನಿ ಇರಬೇಕಲ್ಲ!

ಆದರೆ ಅವನು ಕೂರಿಸಿದ್ದು ಈ ಹೆಂಗಸು ಕೆಲಸ ಮಾಡುವ ಕಂಪನಿಯದೇ ಚಿಪ್. ಅದರ ಕೈಪಿಡಿಯನ್ನು ನೋಡಿಕೊಳ್ಳುವವರು ಇವರೇ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಯಾವ ಪುಟದಲ್ಲೂ ಇವರ ಹೆಸರಿಲ್ಲ. ಆಫೀಸಿನವರಿಗೆ ಇವರು ‘ಹಿಂದುಮುಂದಕ್ಕ’. ಹಿಂದುಮುಂದು ನೋಡದೆ ಒಂದಕ್ಷರ ಬರೆಯುವವರಲ್ಲ. ಬರೆಯುವುದೂ ಹಿಂದುಮುಂದಿನ ವಿಷಯವನ್ನೇ, ಅಂದರೆ ಬೈಟುಗಳ ಕ್ರಮವನ್ನು.

ಹಾಗೆಂದರೇನು ಎಂದು ಕೇಳಿದರೆ ಪೆನ್ನು ತೆಗೆದು 2375 ಎಂದು ಬರೆಯುತ್ತಾರೆ. “ನೋಡಿ, ಇದನ್ನ ಎರಡು ಚೀಟಿ ಮಾಡಿ ಅಕ್ಕಪಕ್ಕದ ಗೂಡಲ್ಲಿಡ್ಬೇಕು. 23 ಮೊದಲಾ, 75 ಮೊದಲಾ? ಇಟ್ಟೋನದು ಒಂದು ಲೆಕ್ಕ, ಓದೋನದು ಇನ್ನೊಂದು ಲೆಕ್ಕ ಆದ್ರೆ 7523 ಆಗ್ಹೋಗುತ್ತೆ. ಚೀಟಿ ಹರಿದಿಲ್ಲ, ಅಳಿಸಿಲ್ಲ. ಕ್ರಮ ತಪ್ಪಿದೆ, ಅಷ್ಟೇ.” ಡಬ್ಬಿಯೊಳಗಿನ ದನಿಯೂ ಇಂಥ ಅಂಕಿಗಳ ಸಾಲೇ. ಆ ಸುರ್ರ್ ಕೇಳಿದಾಗಲೇ ಇವರಿಗೆ ಅನುಮಾನ ಬಂದದ್ದು.

ಕ್ರಮ ಬದಲಿಸಲು ಚಿಪ್ಪಿನೊಳಗೆ ಒಂದು ಸೆಟ್ಟಿಂಗ್ ಇದೆ, ಸೊನ್ನೆ ಇಡಬೇಕು ಇಲ್ಲವೇ ಒಂದು ಇಡಬೇಕು. ಹಳಬರು ಯಾರೋ ಬರೆದಿಟ್ಟ ಸಾಲು ಕೈಪಿಡಿಯಲ್ಲಿ ಹಾಗೇ ಉಳಿದಿತ್ತು: ‘ಸೊನ್ನೆ ಇಟ್ಟರೆ ಮಾಮೂಲಿ ಕ್ರಮ.’ ರಿಪೇರಿಯವನು ಅದನ್ನು ನಂಬಿ ಸೊನ್ನೆ ಇಟ್ಟಿದ್ದ. ನಿನ್ನೆ ಹಿಂದುಮುಂದಕ್ಕ ಚಿಪ್ ವಿನ್ಯಾಸ ಮಾಡುವ ಎಂಜಿನಿಯರನ್ನು ಹೋಗಿ, ಮಾಮೂಲಿ ಎಂದರೆ ಯಾವುದು ಎಂದು ಕೇಳಿದರು. “ದೊಡ್ಡ ಸ್ಥಾನದ ಭಾಗ ಮೊದಲು, ನಿಮ್ಮ 23 ಥರ. ಅದನ್ನೂ ಕೇಳ್ಬೇಕಾ ಅಕ್ಕಾ?” ಅಂದರು. ಪಕ್ಕದ ಕೋಣೆಯ ಪ್ರೋಗ್ರಾಮರ್‌ಗೆ ಕೇಳಿದರೆ, “ಚಿಕ್ಕ ಸ್ಥಾನದ ಭಾಗ ಮೊದಲು, ನಿಮ್ಮ 75 ಥರ. ಎಲ್ರಿಗೂ ಗೊತ್ತಲ್ಲ!”

“ಒಂದೇ ಮೇಜಲ್ಲಿ ಊಟ ಮಾಡೋರು ಕಣ್ರೀ, ಇಬ್ರ ಮಾಮೂಲಿನೂ ಬೇರೆ ಬೇರೆ!” ಎಂದು ಆಕೆ ನಗುತ್ತಾರೆ. ಕೈ ಬೆಚ್ಚಗೆ ಮಾಡುವ ಮಾಮೂಲಿಗಾದರೂ ಒಂದು ನಿಗದಿ ಇರುತ್ತದೆ, ಈ ಮಾಮೂಲಿಗೆ ಅದೂ ಇಲ್ಲ.

ಇನ್ನು ಉಳಿದಿರುವುದು ಕೈಯಾರೆ ಇಟ್ಟು ನೋಡುವುದು. ಅನುಮಾನ ಸುಳ್ಳಾದರೆ ದನಿ ಹೋದ ಹಾಗೆಯೇ. ಅದು ಇಬ್ಬರಿಗೂ ಗೊತ್ತು. ಆಕೆ ಸೊನ್ನೆ ತೆಗೆದು ಒಂದು ಇಡುತ್ತಾರೆ. ಗುಂಡಿ ಒತ್ತುತ್ತಾರೆ.

“ಲೇ, ಒಂದು ಲೋಟ ಕಾಫಿ ಸಿಗುತ್ತೋ, ಅದಕ್ಕೂ ಅರ್ಜಿ ಹಾಕ್ಬೇಕೋ?”

ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆಕೆ ಮುಚ್ಚುಮರೆಯಿಲ್ಲದೆ ಅಳುತ್ತಾರೆ, ಅಳುತ್ತಲೇ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ.

ಕಣ್ಣೊರೆಸಿಕೊಂಡವರೇ ಕಂಪ್ಯೂಟರಿನ ಮುಂದೆ ಕೂತು ಕೈಪಿಡಿಯ ಆ ‘ಮಾಮೂಲಿ’ ಸಾಲನ್ನು ಹೊಡೆದು ಹಾಕುತ್ತಾರೆ. ಹೊಸ ಪುಟದಲ್ಲಿ ಎರಡು ಗೂಡಿನ ಚಿತ್ರವಿದೆ, ಸೊನ್ನೆಗೆ ಯಾವ ಚೀಟಿ ಎಲ್ಲಿ, ಒಂದಕ್ಕೆ ಯಾವುದು ಎಲ್ಲಿ ಎಂದು ಬಿಡಿಸಿ ಹೇಳಿದೆ. ಹೊತ್ತೇರಿ ಬಂದ ಮ್ಯಾನೇಜರ್ ಗೊಣಗುತ್ತಾರೆ: “ಒಂದು ಪದಕ್ಕೋಸ್ಕರ ಪುಸ್ತಕಾನೇ ಮತ್ತೆ ಹೊರಡಿಸ್ಬೇಕಾ?”

“ಆ ಪದ ನಂಬಿ ಇನ್ನೆಷ್ಟು ಮನೇಲಿ ಮಾತು ನಿಂತಿದೆಯೋ, ಯಾರಿಗ್ಗೊತ್ತು ಸಾರ್.”

ಮ್ಯಾನೇಜರ್ ಸಹಿ ಹಾಕುತ್ತಾರೆ.

ಅಷ್ಟರಲ್ಲಿ ಗಂಡ ಡಬ್ಬಿಯ ಮಾತುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸುತ್ತಿದ್ದಾರೆ. ‘ಎಲ್ಲಿಟ್ಟೆ ಅದನ್ನ?’ ‘ನಿನ್ನ ತಲೆ!’ ‘ಬೇಗ ಹೊರಡು ಮಾರಾಯ್ತಿ.’ ಹಿಂದುಮುಂದಕ್ಕ ಹುಸಿಮುನಿಸಿನಿಂದ ಅತ್ತ ನೋಡುತ್ತಾರೆ.

“ಒಂದಾದ್ರೂ ಒಳ್ಳೆ ಮಾತು ಹೇಳಿಟ್ಟಿದಾರಾ ನೋಡಿ! ಹೋಗ್ಲಿ ಬಿಡಿ. ಬೈದ್ರೂ ಅವರ ದನೀಲೇ ಬೈಲಿ.”